ನಯೀಮ್ ಸುಲೇಮಾನೊಗ್ಲು ಎತ್ತಿದ ತೂಕಗಳ ಪಟ್ಟಿಯಲ್ಲಿ ಲೆಕ್ಕ ಕೂಡ್ತಿಲ್ಲ, ಬಿಡಿಸಿ ಹೇಳ್ತೀರಾ?

ಸಂಗ್ರಾಣಿಕಲ್ಲು ಕೇಳಿದ್ದು:

ನಮಸ್ಕಾರ. ಕ್ಲಬ್ಬಿನ ಹುಡುಗ ಹುಡುಗಿಯರಿಗೆ ಕೊಡೋಕೆ ಟರ್ಕಿಯ ವೇಟ್‌ಲಿಫ್ಟರ್ ನಯೀಮ್ ಸುಲೇಮಾನೊಗ್ಲು ಬಗ್ಗೆ ಎರಡು ಪುಟದ ಟಿಪ್ಪಣಿ ಸಿದ್ಧವಾಗ್ತಿದೆ. ಮೂರು ಒಲಿಂಪಿಕ್ ಚಿನ್ನ, 1.47 ಮೀಟರ್ ಎತ್ತರ, ‘ಪಾಕೆಟ್ ಹರ್ಕ್ಯುಲಿಸ್’ ಅನ್ನೋ ಹೆಸರು, ಇಷ್ಟು ಎಲ್ಲರಿಗೂ ಗೊತ್ತು. ಬಾರ್ ಹಿಡಿಯೋ ಮಕ್ಕಳಿಗೆ ಹೊಗಳಿಕೆಗಿಂತ ಅಂಕಿಯೇ ಹೆಚ್ಚು ಪಾಠ ಕಲಿಸುತ್ತೆ. ಆದರೆ ಅಂಕಿ ಹಿಡಿದು ಕೂತಾಗ ನಾಲ್ಕೈದು ಕಡೆ ಗಂಟು ಬಿದ್ದಿದೆ.

1988ರ ಸಿಯೋಲ್ ಒಲಿಂಪಿಕ್ಸ್ ಪಟ್ಟಿಯಲ್ಲಿ 60 ಕೆ.ಜಿ. ದೇಹತೂಕದ ವಿಭಾಗಕ್ಕೆ ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ) 145, 150.5, 152.5, ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ; ಚಿಕ್ಕದಾಗಿ ಜರ್ಕ್) 175, 188.5, 190 ಅಂತಿದೆ. ಆಗೆಲ್ಲ ತೂಕ ಏರಿಸ್ತಿದ್ದದ್ದು 2.5ರ ಲೆಕ್ಕದಲ್ಲಿ ತಾನೆ? ಈ ಅರ್ಧ ಕಿಲೋ ಎಲ್ಲಿಂದ ಬಂತು?

ವಿಶ್ವ ಚಾಂಪಿಯನ್‌ಶಿಪ್ ಏಳು ಸಲ ಗೆದ್ದ ಅಂತಾರೆ. ಹಳೆಯ ಕೆಲವು ಪಟ್ಟಿಗಳಲ್ಲಿ 1985, 1986ರ ಸಾಲಲ್ಲಿ ಆ ಹೆಸರೇ ಇಲ್ಲ.

ಸಿಯೋಲ್‌ನಲ್ಲಿ ಎತ್ತಿದ ಮೊತ್ತಕ್ಕೆ ಮೇಲಿನ ವಿಭಾಗದಲ್ಲೂ ಚಿನ್ನ ಸಿಗ್ತಿತ್ತು ಅನ್ನೋ ಮಾತು ನಿಜವೇ?

2000ದ ಸಿಡ್ನಿಯಲ್ಲಿ 145 ಕೆ.ಜಿ.ಗೆ ಮೂರು ಸಲ ಪ್ರಯತ್ನಿಸಿ ಮೂರೂ ತಪ್ಪಿ ಹೊರಗೆ ಬಿದ್ದ. ಒಮ್ಮೆ ತಪ್ಪಿದ ಮೇಲೆ 140ಕ್ಕೆ ಇಳಿಸಬಹುದಿತ್ತಲ್ಲ?

ಕೊನೆಯದಾಗಿ ತರಬೇತಿ. ದಿನಾ ಗರಿಷ್ಠ ಭಾರ ಎತ್ತುತ್ತಿದ್ದರು ಅಂತ ಕೇಳಿ ನಮ್ಮ ಹುಡುಗರೂ ಹಾಗೇ ಮಾಡ್ತೀವಿ ಅಂತಿದ್ದಾರೆ. ಏನು ಹೇಳಲಿ?

*

ಕಬ್ಬಿಣದಕಡಲೆ ಉತ್ತರ:

ಅರ್ಧ ಕಿಲೋದಿಂದಲೇ ಶುರು ಮಾಡ್ತೀನಿ. ಅದು ಬಿಡಿಸಿಕೊಂಡರೆ ಸಿಯೋಲ್‌ನ ಆ ದಿನ ಪೂರ್ತಿ ಅರ್ಥವಾಗುತ್ತೆ.

ಆಗಿನ ನಿಯಮದ ಪ್ರಕಾರ ಬಾರ್ ಮೇಲಿನ ಭಾರ ಯಾವಾಗಲೂ 2.5ರ ಗುಣಕದಲ್ಲೇ ಇರಬೇಕು. ಅದಕ್ಕೆ ಒಂದೇ ವಿನಾಯಿತಿ, ವಿಶ್ವದಾಖಲೆಯ ಪ್ರಯತ್ನ. ಹಳೆಯ ದಾಖಲೆಗಿಂತ ಕನಿಷ್ಠ ಅರ್ಧ ಕಿಲೋ ಹೆಚ್ಚಿಗೆ ಕೇಳಬಹುದಿತ್ತು. ಹಾಗಾಗಿ ಪಟ್ಟಿಯಲ್ಲಿ 150.5 ಅಥವಾ 188.5 ಕಂಡರೆ ‘ಇದು ದಾಖಲೆಗಾಗಿ ಕೇಳಿದ ಭಾರ’ ಅಂತಲೇ ಓದಿಕೊಳ್ಳಿ. ಅದೇ ವರ್ಷ ಕಾರ್ಡಿಫ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ನಯೀಮ್ 150 ಸ್ನ್ಯಾಚ್ ಮಾಡಿದ್ದ. ಸಿಯೋಲ್‌ನಲ್ಲಿ 150.5 ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

ಇನ್ನೊಂದು ಸೂಕ್ಷ್ಮ. ದಾಖಲೆಗೆ 150.5 ಬರೆದುಕೊಂಡರೂ ಒಟ್ಟು ಮೊತ್ತಕ್ಕೆ (ಸ್ನ್ಯಾಚ್, ಜರ್ಕ್ ಎರಡರ ಅತಿ ಹೆಚ್ಚಿನ ಭಾರಗಳ ಕೂಡಿಕೆ) ಸೇರಿಸುವಾಗ ಕೆಳಗಿನ 2.5ರ ಗುಣಕಕ್ಕೆ ಇಳಿಸ್ತಿದ್ದರು, ಅಂದರೆ 150. ಹಾಗೆಯೇ 188.5 ಇದ್ದದ್ದು 187.5. ಎರಡೂ ಕಡೆ ಮೂರನೇ ಪ್ರಯತ್ನ ಗುಣಕಕ್ಕೇ ಬಂದು ನಿಂತಿದ್ದು ಇದೇ ಕಾರಣಕ್ಕೆ: 152.5 ಮತ್ತು 190, ಒಟ್ಟು 342.5. ಅರ್ಧ ಕಿಲೋದ ದಾಖಲೆಯಲ್ಲೇ ನಿಂತಿದ್ದರೆ ಮೊತ್ತ 337.5 ಆಗ್ತಿತ್ತು. 2005ರಿಂದ ಒಂದೊಂದೇ ಕಿಲೋ ಏರಿಸೋ ಪದ್ಧತಿ ಬಂದು ಈ ತೊಡಕು ಹೋಯಿತು. ಅದಕ್ಕೇ ಈಗಿನ ಮಕ್ಕಳಿಗೆ ಹಳೆಯ ಪಟ್ಟಿ ವಿಚಿತ್ರ ಅನ್ನಿಸುತ್ತೆ.

ಈಗ ಆ ದಿನ, 1988ರ ಸೆಪ್ಟೆಂಬರ್ 20. ಬೆಳ್ಳಿ ಗೆದ್ದ ಬಲ್ಗೇರಿಯಾದ ಸ್ಟೆಫಾನ್ ತೊಪುರೊವ್ ಮೊತ್ತ 312.5, ಕಂಚು ಗೆದ್ದ ಚೀನಾದ ಯೆ ಹುವಾನ್‌ಮಿಂಗ್ ಮೊತ್ತ 287.5. ಸ್ನ್ಯಾಚ್‌ನಲ್ಲಿ 152.5 ಕೈಯಲ್ಲಿಟ್ಟುಕೊಂಡ ನಯೀಮ್‌ಗೆ ಚಿನ್ನಕ್ಕೆ 162.5 ಜರ್ಕ್ ಸಾಕಿತ್ತು. ಮೊದಲ ಪ್ರಯತ್ನವೇ 175. ಅದು ತೀರ್ಪುಗಾರರ ಒಪ್ಪಿಗೆಯ ಬಿಳಿ ದೀಪ ಪಡೆದ ಕ್ಷಣಕ್ಕೆ ಮೊತ್ತ 327.5, ಚಿನ್ನ ಖಾತ್ರಿ. ಉಳಿದ ಎರಡೂ ಪ್ರಯತ್ನ ಪೂರ್ತಿ ದಾಖಲೆಗಾಗಿ. 175ರಿಂದ ಒಂದೇ ಸಲ 13.5 ಕಿಲೋ ಜಿಗಿತ! ಎದುರಾಳಿಯ ಭಯವಿಲ್ಲದವರು ಮಾತ್ರ ಕೇಳೋ ಭಾರವನ್ನು ಕಾರ್ಡ್ ಮೇಲೆ ಹೀಗೆ ಬರೆಯಬಹುದು. ನಿಮ್ಮ ಹುಡುಗರಿಗೆ ಇದನ್ನು ‘ಅನುಕರಿಸಬಾರದ ಜಿಗಿತ’ ಅಂತಲೇ ಹೇಳಿ. ಸಾಮಾನ್ಯ ಸ್ಪರ್ಧಿ ಜರ್ಕ್‌ನಲ್ಲಿ ಮೊದಲನೇದಕ್ಕೂ ಎರಡನೇದಕ್ಕೂ 4–6 ಕಿಲೋ ಅಂತರ ಇಟ್ಟುಕೊಳ್ಳೋದು ಕ್ಷೇಮ.

ದೇಹತೂಕದ ಲೆಕ್ಕಕ್ಕೆ ಬಂದರೆ, 152.5 ಅಂದರೆ ವಿಭಾಗದ ಮಿತಿಯ ಎರಡೂವರೆ ಪಟ್ಟಿಗಿಂತ 2.5 ಕಿಲೋ ಹೆಚ್ಚು. 190 ಅಂದರೆ ಮೂರು ಪಟ್ಟಿಗಿಂತ 10 ಕಿಲೋ ಹೆಚ್ಚು. ಮೂರು ಪಟ್ಟನ್ನು ಮೊದಲು ಮುಟ್ಟಿದ್ದು ಇದೇ ತೊಪುರೊವ್, 1983ರಲ್ಲಿ ಮಾಸ್ಕೋದಲ್ಲಿ, 60ಕ್ಕೆ 180. ಆಮೇಲೆ ಬಂದವರನ್ನು ಪಕ್ಕಕ್ಕಿಟ್ಟು ನೋಡಿ. ಟರ್ಕಿಯವನೇ ಆದ ಹಲೀಲ್ ಮುತ್ಲು 56ರಲ್ಲಿ 168 ಎತ್ತಿದ, ಅದು ಸರಿಯಾಗಿ ಮೂರು ಪಟ್ಟು. ಉತ್ತರ ಕೊರಿಯಾದ ಓಮ್ ಯುನ್ ಚೋಲ್ 2015ರಲ್ಲಿ ಅದೇ ವಿಭಾಗದಲ್ಲಿ 171 ಎತ್ತಿದ, ಮೂರು ಪಟ್ಟಿಗೆ ಮೂರು ಕಿಲೋ ಮೇಲೆ. ಇವರೆಲ್ಲ ಮಹಾ ಬಲಶಾಲಿಗಳೇ. ಆದರೆ ಹತ್ತು ಕಿಲೋ ಮೇಲೆ ಹೋದ ಆ 190ರ ಹತ್ತಿರ ಇವರ್ಯಾರೂ ಸುಳಿದಿಲ್ಲ.

ಮೇಲಿನ ವಿಭಾಗದ ಮಾತಿಗೆ: 67.5 ಕೆ.ಜಿ. ವಿಭಾಗದ ಚಿನ್ನ ಪೂರ್ವ ಜರ್ಮನಿಯ ಯೋವಾಖಿಮ್ ಕುನ್ಜ್‌ಗೆ, ಮೊತ್ತ 340. ಅಂಕಿ ಮಟ್ಟಿಗೆ 342.5 ದೊಡ್ಡದು, ಹಾಗಾಗಿ ಮಾತು ನಿಜ.

*

ಬಾಲ್ಕನ್_ಬಸವ ಉತ್ತರ:

ಕಡಲೆಯವರೇ, ಕೊನೆಯ ಸಾಲಿಗೆ ಒಂದು ತಿದ್ದುಪಡಿ ಬೇಕು. 67.5ರಲ್ಲಿ ಅಂದು ವೇದಿಕೆ ಮೇಲೆ ಗೆದ್ದದ್ದು ಬಲ್ಗೇರಿಯಾದ ಆಂಗೆಲ್ ಗೆಂಚೆವ್, ಮೊತ್ತ 362.5. ಆಮೇಲೆ ಮೂತ್ರದ ಮಾದರಿಯಲ್ಲಿ ಫ್ಯುರೊಸೆಮೈಡ್ ಸಿಕ್ಕಿ ಪದಕ ಕಿತ್ತುಕೊಂಡರು. ಕುನ್ಜ್‌ಗೆ ಚಿನ್ನ ಬಂದದ್ದು ಹಾಗೆ. 56ರಲ್ಲಿ ಮಿತ್ಕೊ ಗ್ರಾಬ್ಲೆವ್ ಕಥೆಯೂ ಇದೇ, ಎರಡೂ ಆದ ಮೇಲೆ ಬಲ್ಗೇರಿಯಾ ತಂಡವೇ ಸ್ಪರ್ಧೆ ಬಿಟ್ಟು ಹೊರಟುಹೋಯಿತು. ಟಿಪ್ಪಣಿಯಲ್ಲಿ ಬರೆಯುವಾಗ ‘ಅನರ್ಹತೆಯ ನಂತರದ ಅಧಿಕೃತ ಪಟ್ಟಿಯಂತೆ’ ಅನ್ನೋ ಮಾತು ಸೇರಿಸಿ.

ಫ್ಯುರೊಸೆಮೈಡ್ ಏನು ಅಂತ ಮಕ್ಕಳು ಕೇಳೇ ಕೇಳ್ತಾರೆ. ಅದು ಬಲ ಕೊಡೋ ಮದ್ದಲ್ಲ, ಮೂತ್ರ ಹೆಚ್ಚಿಸೋ ಮಾತ್ರೆ. ತೂಕ ನೋಡೋ ಹೊತ್ತಿಗೆ ಮೈಯ ನೀರಿಳಿಸಿ ವಿಭಾಗದ ಮಿತಿಯೊಳಗೆ ನುಗ್ಗೋಕೆ ಒಂದು ಬಳಕೆ, ಮೂತ್ರ ತೆಳುವಾಗಿಸಿ ಬೇರೆ ಮದ್ದು ಪತ್ತೆಯಾಗದಂತೆ ಮಾಡೋಕೆ ಇನ್ನೊಂದು ಬಳಕೆ. ಎರಡಕ್ಕೂ ನಿಷೇಧ. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತೆ, ಸ್ನಾಯು ಹಿಡಿದುಕೊಳ್ಳುತ್ತೆ, ಹೃದಯದ ಬಡಿತ ತಪ್ಪಬಹುದು. ತೂಕ ಇಳಿಸೋಕೆ ಇದನ್ನು ಕೊಡೋ ಯಾರ ಹತ್ತಿರವೂ ನಿಮ್ಮ ಮಕ್ಕಳನ್ನು ಬಿಡಬೇಡಿ.

ಈಗ ಹೆಸರಿನ ಗಂಟು. ನಯೀಮ್ ಹುಟ್ಟಿದ್ದು 1967ರ ಜನವರಿ 23ರಂದು, ಬಲ್ಗೇರಿಯಾದ ದಕ್ಷಿಣದ ಕರ್ಜಾಲಿ ಸೀಮೆಯ ಪ್ತಿಚಾರ್ ಎಂಬ ಹಳ್ಳಿಯಲ್ಲಿ. ಮನೆಮಾತು ಟರ್ಕಿಶ್. ಮೊದಲ ದಾಖಲೆಗಳೆಲ್ಲ ‘ನಯೀಮ್ ಸುಲೇಮಾನೊವ್’ ಹೆಸರಲ್ಲಿವೆ. 1984–85ರಲ್ಲಿ ಬಲ್ಗೇರಿಯಾದ ಕಮ್ಯುನಿಸ್ಟ್ ಸರ್ಕಾರ ಟರ್ಕಿಶ್ ಮಾತಾಡೋ ಜನರ ಹೆಸರುಗಳನ್ನೆಲ್ಲ ಬಲವಂತವಾಗಿ ಸ್ಲಾವಿಕ್ ಹೆಸರುಗಳಿಗೆ ಬದಲಿಸಿತು. ವಿಶ್ವದಾಖಲೆ ಬರೆಯೋ ಹುಡುಗನನ್ನೂ ಬಿಡಲಿಲ್ಲ. ಅವನ ಹೆಸರು ‘ನಾವುಮ್ ಶಾಲಮಾನೊವ್’ ಆಯಿತು. 1985ರಲ್ಲಿ ಸ್ವೀಡನ್‌ನ ಸೊಡರ್‌ತೆಲ್ಯೆ, 1986ರಲ್ಲಿ ಸೋಫಿಯಾ, ಈ ಎರಡು ವಿಶ್ವ ಪ್ರಶಸ್ತಿಗಳನ್ನು ಆ ಹೆಸರಲ್ಲಿ ಹುಡುಕಿ, ಸಿಗುತ್ತವೆ. ದೇಶ ಬಲ್ಗೇರಿಯಾ ಅಂತಿರುತ್ತೆ. ಟರ್ಕಿಗೆ ಬಂದ ಮೇಲಿನದ್ದು ‘ಸುಲೇಮಾನೊಗ್ಲು’. ಟರ್ಕಿಶ್‌ನಲ್ಲಿ ಒಗ್ಲು ಅಂದರೆ ಮಗ, ಸುಲೇಮಾನನ ಮಗ ಅಂತ ಅರ್ಥ. ಆ ‘ಗ’ ಅಲ್ಲಿ ಉಚ್ಚಾರವಾಗಲ್ಲ, ಹಿಂದಿನ ಸ್ವರ ದೀರ್ಘವಾಗುತ್ತೆ ಅಷ್ಟೆ. ಅಲ್ಲಿನವರ ಬಾಯಲ್ಲಿ ಅದು ‘ಸುಲೇಮಾನೋಲು’ ಅಂತಲೇ ಕೇಳಿಸೋದು. ನಮ್ಮ ಪತ್ರಿಕೆಗಳ ರೂಢಿಯಂತೆ ‘ಸುಲೇಮಾನೊಗ್ಲು’ ಅಂತ ಬರೆದರೆ ತಪ್ಪೇನಿಲ್ಲ.

ಏಳು ವಿಶ್ವ ಪ್ರಶಸ್ತಿಗಳ ಪೂರ್ಣ ಸಾಲು ಹೀಗೆ: 1985 ಸೊಡರ್‌ತೆಲ್ಯೆ, 1986 ಸೋಫಿಯಾ, 1989 ಅಥೆನ್ಸ್, 1991 ಜರ್ಮನಿಯ ಡೊನಾವೆಶಿಂಗನ್, 1993 ಮೆಲ್ಬರ್ನ್, 1994 ಇಸ್ತಾಂಬುಲ್, 1995 ಗುವಾಂಗ್‌ಜೋ. 1983ರ ಮಾಸ್ಕೋದಲ್ಲಿ ಬೆಳ್ಳಿ. 1989ರ ನಂತರ ನಿವೃತ್ತಿ ಘೋಷಿಸಿ 1991ರಲ್ಲಿ ಮರಳಿದ್ದರಿಂದ 1990ರ ಸಾಲು ಖಾಲಿ. ಇಸ್ತಾಂಬುಲ್ ಮತ್ತು ಗುವಾಂಗ್‌ಜೋ ಎರಡರಲ್ಲೂ ನಮ್ಮ ಕರ್ಣಂ ಮಲ್ಲೇಶ್ವರಿ 54 ಕೆ.ಜಿ. ವಿಭಾಗದ ವಿಶ್ವ ಚಾಂಪಿಯನ್. ಅದೇ ಕೂಟ, ಅದೇ ವಾರ. ಈ ಕೊಂಡಿ ಟಿಪ್ಪಣಿಯಲ್ಲಿ ಇರಲೇಬೇಕು.

1984ರ ಲಾಸ್ ಏಂಜಲೀಸ್ ಯಾಕಿಲ್ಲ ಅಂತಲೂ ಕೇಳ್ತಾರೆ. ಸೋವಿಯತ್ ಬಣದ ಬಹಿಷ್ಕಾರದಲ್ಲಿ ಬಲ್ಗೇರಿಯಾವೂ ಇತ್ತು. ಅಲ್ಲಿ 56ರ ಚಿನ್ನ ಚೀನಾದ ವು ಶುದೆಗೆ, ಮೊತ್ತ 267.5. ನಯೀಮ್ ಅದೇ ವರ್ಷ ಅದೇ ವಿಭಾಗದಲ್ಲಿ ಜರ್ಕ್ ಒಂದರಲ್ಲೇ 168 ಎತ್ತಿದ್ದ. ಅಂದರೆ ಸ್ನ್ಯಾಚ್‌ನಲ್ಲಿ ಬರೀ 102.5 ಎತ್ತಿದ್ದರೂ ಚಿನ್ನದ ಮೊತ್ತ ದಾಟುತ್ತಿತ್ತು. ಹದಿನೇಳರ ಹುಡುಗನ ಒಂದು ಒಲಿಂಪಿಕ್ ಚಿನ್ನ ರಾಜಕೀಯಕ್ಕೆ ಹೋಯಿತು, ಹೊಟ್ಟೆ ಉರಿಯೋ ಸಂಗತಿ.

ಹೊರಬಂದ ಬಗೆ: 1986ರ ಡಿಸೆಂಬರ್, ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಫೈನಲ್. ಸ್ಪರ್ಧೆ ಮುಗಿದ ಮೇಲೆ ತಂಡದ ಕಣ್ಣು ತಪ್ಪಿಸಿ ಕೆಲವು ದಿನ ಅಡಗಿದ್ದು, ಟರ್ಕಿಯ ರಾಯಭಾರಿಗಳ ಆಶ್ರಯಕ್ಕೆ ಹೋದ. ಅಲ್ಲಿಂದ ಲಂಡನ್, ಲಂಡನ್‌ನಿಂದ ಪ್ರಧಾನಿ ತುರ್ಗುತ್ ಓಜಾಲ್ ಕಳಿಸಿದ ವಿಮಾನದಲ್ಲಿ ಅಂಕಾರ. ದೇಶ ಬದಲಿಸಿದವರು ಹಳೆಯ ದೇಶ ಒಪ್ಪದಿದ್ದರೆ ಒಲಿಂಪಿಕ್ಸ್‌ಗೆ ಕಾಯಬೇಕಿತ್ತು. ಸಿಯೋಲ್ ಕೈತಪ್ಪಬಾರದು ಅಂತ ಟರ್ಕಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಲ್ಗೇರಿಯಾಕ್ಕೆ ಕೊಟ್ಟು ಒಪ್ಪಿಸಿತು. ಏಳು ವರ್ಷದ ನಂತರ ಅದೇ ಮೆಲ್ಬರ್ನ್‌ಗೆ ಟರ್ಕಿಯ ಅಂಗಿ ತೊಟ್ಟು ಹೋಗಿ ವಿಶ್ವ ಚಾಂಪಿಯನ್ ಆದ.

*

ಸಂಗ್ರಾಣಿಕಲ್ಲು:

ಹೆಸರಿನ ಗಂಟು ಬಿಚ್ಚಿತು, ಧನ್ಯವಾದ. ಹಾಗಾದರೆ 1996ರ ಅಟ್ಲಾಂಟಾ ಒಲಿಂಪಿಕ್ಸ್ ಪಟ್ಟಿಗೂ ಹೀಗೇ ನಿಯಮ ಇಟ್ಟುಕೊಂಡು ಯಾರಾದರೂ ವಿವರಿಸಿದರೆ ಒಳ್ಳೆಯದು. ಜರ್ಕ್‌ನಲ್ಲಿ 187.5ನ್ನು ನಯೀಮ್, ಗ್ರೀಸ್‌ನ ಎದುರಾಳಿ ಇಬ್ಬರೂ ಎತ್ತಿದ್ದಾರೆ, ದಾಖಲೆ ಮಾತ್ರ ಗ್ರೀಸ್‌ನವನ ಹೆಸರಲ್ಲಿದೆ.

*

ಕುಂದಾಪ್ರ_ಬಾರ್ ಉತ್ತರ:

ಅಟ್ಲಾಂಟಾ ಮತ್ತು ಸಿಡ್ನಿ ಎರಡನ್ನೂ ಒಟ್ಟಿಗೆ ಹೇಳ್ತೇನೆ. ಒಂದರಲ್ಲಿ ಪ್ರಯತ್ನಗಳ ಆಯ್ಕೆ ಗೆಲ್ಲಿಸಿತು, ಇನ್ನೊಂದರಲ್ಲಿ ಅದೇ ಮುಳುಗಿಸಿತು.

ಮಧ್ಯೆ ಬಾರ್ಸಿಲೋನಾ 1992: 142.5 + 177.5 = 320. ಎರಡನೆಯವನು ಬಲ್ಗೇರಿಯಾದ ನಿಕೊಲಾಯ್ ಪೆಶಾಲೊವ್, 305. ಹದಿನೈದು ಕಿಲೋ ಅಂತರ, ಹೆಚ್ಚು ಹೇಳೋದಕ್ಕೇನಿಲ್ಲ. ಪೆಶಾಲೊವ್ ಹೆಸರು ನೆನಪಿರಲಿ.

1993ರಲ್ಲಿ ವಿಭಾಗಗಳೇ ಬದಲಾದವು, 60 ಹೋಗಿ 59 ಮತ್ತು 64 ಬಂತು. ನಯೀಮ್ 64ಕ್ಕೆ ಏರಿದ. 1998ರಲ್ಲಿ ಮತ್ತೆ ಬದಲಾಗಿ 62 ಬಂತು. ಹಾಗಾಗಿ 1988, 1996, 2000ದ ಭಾರಗಳನ್ನು ಅಕ್ಕಪಕ್ಕ ಇಟ್ಟು ‘ಬಲ ಕುಗ್ಗಿತು’, ‘ಹೆಚ್ಚಿತು’ ಅಂತ ಬರೆಯೋ ಮೊದಲು ವಿಭಾಗ ನೋಡಬೇಕು. ಬೇರೆ ಬೇರೆ ಮೈತೂಕದವರನ್ನು ಒಂದೇ ಅಳತೆಗೆ ತರೋ ಸಿಂಕ್ಲೇರ್ ಗುಣಾಂಕದಿಂದ ಹೋಲಿಸುವವರಿಗೂ ಒಂದು ಎಚ್ಚರಿಕೆ. ಆ ಗುಣಾಂಕ ಆಗಿನ ವಿಶ್ವದಾಖಲೆಗಳಿಂದ ಲೆಕ್ಕ ಹಾಕುವಂಥದ್ದು, ಪ್ರತಿ ಒಲಿಂಪಿಕ್ ಅವಧಿಗೂ ಬದಲಾಗುತ್ತೆ. ಹೋಲಿಸುವ ಇಬ್ಬರಿಗೂ ಒಂದೇ ಅವಧಿಯ ಕೋಷ್ಟಕ ಬಳಸಿ.

ಅಟ್ಲಾಂಟಾ, 1996ರ ಜುಲೈ 22. ಸ್ನ್ಯಾಚ್ ಮುಗಿದಾಗ ನಯೀಮ್ 147.5, ಗ್ರೀಸ್‌ನ ವಲೇರಿಯೊಸ್ ಲಿಯೊನಿಡಿಸ್ 145. ಜರ್ಕ್‌ನಲ್ಲಿ ನಯೀಮ್ 185 ಎತ್ತಿ ವಿಶ್ವದಾಖಲೆ ಮಾಡಿದಾಗ ಅವನ ಮೊತ್ತ 332.5. ಲಿಯೊನಿಡಿಸ್ ಸೀದಾ 187.5 ಕೇಳಿ ಎತ್ತಿದ. ಅದೂ ವಿಶ್ವದಾಖಲೆ, ಮೊತ್ತ 332.5, ಸರಿಸಮ. ನಯೀಮ್‌ನ ಕೊನೆಯ ಪ್ರಯತ್ನವೂ ಅದೇ 187.5ಕ್ಕೆ. ಎತ್ತಿದ, ಮೊತ್ತ 335. ಲಿಯೊನಿಡಿಸ್‌ಗೆ ಉಳಿದದ್ದು ಒಂದೇ ಪ್ರಯತ್ನ, 190. ಅದು ಆಗಲಿಲ್ಲ. ಎರಡೂವರೆ ಕಿಲೋದಲ್ಲಿ ಮೂರನೇ ಚಿನ್ನ. ವೇಟ್‌ಲಿಫ್ಟಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗ ಆಗ ಅವನೇ.

ಈಗ ನಿಯಮ. ಒಂದೇ ಭಾರವನ್ನು ಇಬ್ಬರು ಕೇಳಿದರೆ ಕಡಿಮೆ ಪ್ರಯತ್ನ ಬಳಸಿದವನು ಮೊದಲು ಹೋಗ್ತಾನೆ. ಲಿಯೊನಿಡಿಸ್‌ಗೆ ಅದು ಎರಡನೇದು, ನಯೀಮ್‌ಗೆ ಮೂರನೇದು. ಹಾಗಾಗಿ ಲಿಯೊನಿಡಿಸ್ ಮೊದಲು. ದಾಖಲೆ ಮುರಿಯಬೇಕಾದರೆ ಹಳೆಯದಕ್ಕಿಂತ ಹೆಚ್ಚು ಎತ್ತಬೇಕು, ಸಮ ಮಾಡಿದರೆ ಸಾಲದು. ಅದಕ್ಕೇ ಜರ್ಕ್ ದಾಖಲೆ ಲಿಯೊನಿಡಿಸ್ ಹೆಸರಲ್ಲಿ, ಒಟ್ಟು ಮೊತ್ತದ ದಾಖಲೆ ನಯೀಮ್ ಹೆಸರಲ್ಲಿ ಉಳಿಯಿತು. ಮೊತ್ತ ಸಮವಾದಾಗ ಆಗ ದೇಹತೂಕ ಕಡಿಮೆ ಇದ್ದವನಿಗೆ ಮೇಲಿನ ಸ್ಥಾನ. ಈಗ ಆ ನಿಯಮ ಇಲ್ಲ, ಆ ಮೊತ್ತವನ್ನು ಮೊದಲು ಮುಟ್ಟಿದವನಿಗೆ ಸ್ಥಾನ. ಹಳೆಯ ಸ್ಪರ್ಧೆಗೆ ಹೊಸ ನಿಯಮ ಹಚ್ಚಿ ಮಕ್ಕಳನ್ನು ಗೊಂದಲಕ್ಕೆ ಹಾಕಬೇಡಿ.

ಸಿಡ್ನಿ. ಇಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಳಿಸೋ ಹಾಗಿಲ್ಲ. ಸ್ಪರ್ಧೆಯಲ್ಲಿ ಬಾರ್‌ನ ಭಾರ ಏರುತ್ತಾ ಹೋಗುತ್ತೆ, ಇಳಿಯೋದಿಲ್ಲ. ತಪ್ಪಿದವನು ಅದೇ ಭಾರಕ್ಕೆ ಮತ್ತೆ ಬರಬೇಕು ಅಥವಾ ಮೇಲಕ್ಕೆ ಹೋಗಬೇಕು. 145ಕ್ಕೆ ಶುರು ಮಾಡಿದ ಮೇಲೆ 142.5 ಅನ್ನೋದು ಅವನ ಪಾಲಿಗೆ ಇಲ್ಲವೇ ಇಲ್ಲ. ಸ್ನ್ಯಾಚ್‌ನಲ್ಲಿ ಒಂದೂ ಸರಿಯಾಗದಿದ್ದರೆ ಮೊತ್ತ ಇಲ್ಲ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಾದರೆ ಸ್ನ್ಯಾಚ್‌ಗೆ, ಜರ್ಕ್‌ಗೆ ಬೇರೆ ಬೇರೆ ಪದಕ ಇರೋದರಿಂದ ಜರ್ಕ್‌ಗೆ ಬಂದು ಏನಾದರೂ ಉಳಿಸಿಕೊಳ್ಳಬಹುದು. ಒಲಿಂಪಿಕ್ಸ್‌ನಲ್ಲಿ ಪದಕ ಮೊತ್ತಕ್ಕೆ ಮಾತ್ರ. ಮೂರೂ ತಪ್ಪಿದರೆ ಕಥೆ ಮುಗಿಯಿತು.

145ಕ್ಕೆ ಶುರು ಮಾಡಿದ್ದು ದುಡುಕಾ? ಚಿನ್ನದ ಲೆಕ್ಕದಲ್ಲಿ ಅಲ್ಲ. ಆಗ ಕ್ರೊಯೇಷಿಯಾ ಪರ ಎತ್ತುತ್ತಿದ್ದ ಅದೇ ಪೆಶಾಲೊವ್ 150 + 175, 325 ಮಾಡಿ ಗೆದ್ದ. ಅಂಥ ಕಣದಲ್ಲಿ 140ಕ್ಕೆ ನಿಂತರೆ ಚಿನ್ನ ಇಲ್ಲ. ಆದರೆ 33 ವರ್ಷ, ಅಟ್ಲಾಂಟಾದ ನಂತರ ದೊಡ್ಡ ಬಿಡುವು. ಅಂಥವರಿಗೆ ಮೊದಲ ಪ್ರಯತ್ನದ ಕೆಲಸವೇ ಬೇರೆ, ಮೊದಲು ಪಟ್ಟಿಯಲ್ಲಿ ಒಂದು ಅಂಕಿ ಬೀಳಬೇಕು. ನಿಮ್ಮ ಹುಡುಗರಿಗೆ ಲೆಕ್ಕ ಹೀಗೆ ಕೊಡಿ: ಮೊದಲ ಪ್ರಯತ್ನ ಅಂದರೆ ನಿದ್ದೆಗೆಟ್ಟ ದಿನವೂ, ಜ್ವರ ಬಿಟ್ಟ ಮರುದಿನವೂ ಎತ್ತಬಲ್ಲ ಭಾರ. ಇತ್ತೀಚಿನ ಎಂಟು ವಾರದ ಗರಿಷ್ಠದ 90–92 ಶೇಕಡಾ. ಮೂರು ವರ್ಷದ ಹಿಂದಿನ ಗರಿಷ್ಠ ಲೆಕ್ಕಕ್ಕಿಲ್ಲ. ಈಚೆಗೆ 100 ಸ್ನ್ಯಾಚ್ ಮಾಡಿದವ 90ಕ್ಕೆ ಶುರು ಮಾಡಲಿ, 95ಕ್ಕೆ ಬರಲಿ, ಮೂರನೇದು 99 ಅಥವಾ 101.

ಸಿಡ್ನಿಯಲ್ಲೇ ನಮ್ಮವರದ್ದೂ ಇಂಥದೇ ಲೆಕ್ಕ ಇದೆ. ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ 110 + 130, 240 ಮಾಡಿ ಕಂಚು ಖಾತ್ರಿ ಮಾಡಿಕೊಂಡು, ಕೊನೆಯ ಜರ್ಕ್‌ಗೆ 137.5ಕ್ಕೆ ಹೋದರು. ಅದು ಆಗಿದ್ದರೆ 247.5. ಚಿನ್ನ, ಬೆಳ್ಳಿ ಎರಡೂ 242.5ಕ್ಕೆ ಹೋದವು. ಖಾತ್ರಿ ಆದ ಮೇಲೆ ದೊಡ್ಡದಕ್ಕೆ ಕೈ ಹಾಕೋದು ಒಂದು, ಖಾತ್ರಿಗೆ ಮೊದಲೇ ಕೈ ಹಾಕೋದು ಇನ್ನೊಂದು. ಈ ಎರಡನ್ನೂ ಒಂದೇ ಪುಟದಲ್ಲಿಡಿ.

ಇನ್ನೊಂದು ಅಂಕಿ ಕೊಡ್ತೇನೆ, ನಮ್ಮ ಊರಿನ ಕಡೆಯದ್ದು. ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 61 ಕೆ.ಜಿ. ವಿಭಾಗದಲ್ಲಿ 118 + 151, 269 ಎತ್ತಿ ಕಂಚು ಗೆದ್ದರು. 151 ಕಿಲೋ ತಲೆಯ ಮೇಲೆ ನಿಲ್ಲಿಸೋದು ಎಷ್ಟು ಕಷ್ಟ ಅಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಹೆಚ್ಚುಕಮ್ಮಿ ಅದೇ ಮೈತೂಕದಲ್ಲಿ ನಯೀಮ್ 152.5ನ್ನು ಒಂದೇ ಎಳೆತಕ್ಕೆ, ಸ್ನ್ಯಾಚ್‌ನಲ್ಲಿ ಎತ್ತಿದ. 342.5 ಅಂದರೆ ಏನು ಅಂತ ಈ ಒಂದು ಸಾಲಿನಿಂದ ಅರ್ಥವಾಗುತ್ತೆ.

*

ಧಾರವಾಡ_ಸ್ಕ್ವಾಟ್ ಉತ್ತರ:

ತರಬೇತಿ ಬಗ್ಗೆ ಕೇಳೀರಿ, ಅದನ್ನ ನಾ ಹೇಳತೀನ್ರಿ. ಮೊದಲ ಮಾತು: ಅಬಜೀಯೆವ್ ಪದ್ಧತೀನ ಹಂಗ ಎತ್ತಿ ತಂದು ನಿಮ್ಮ ಹುಡುಗರ ಮ್ಯಾಲೆ ಹಾಕಬ್ಯಾಡ್ರಿ.

ಇವಾನ್ ಅಬಜೀಯೆವ್ ಆಗ ಬಲ್ಗೇರಿಯಾದ ಮುಖ್ಯ ತರಬೇತುದಾರ. ನಯೀಮ್ ಬೆಳದದ್ದು ಅವರ ಪದ್ಧತಿಯೊಳಗ. ಅದರ ತಿರುಳು ಭಾಳ ಸರಳ ಅದ. ವ್ಯಾಯಾಮ ಕಡಿಮಿ: ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್, ಅವುಗಳ ಪವರ್ ರೂಪ (ಪೂರ್ತಿ ಕೆಳಗ ಕೂಡದ ಬಾರ್ ಹಿಡಿಯೂದು), ಫ್ರಂಟ್ ಸ್ಕ್ವಾಟ್ (ಬಾರ್ ಭುಜದ ಮುಂದ ಇಟ್ಕೊಂಡು ಕೂತು ಏಳೂದು), ಬ್ಯಾಕ್ ಸ್ಕ್ವಾಟ್ (ಬಾರ್ ಬೆನ್ನ ಮ್ಯಾಲೆ ಇಟ್ಕೊಂಡು). ದಿನಾ ಒಂದೊಂದ ಎತ್ತು ಹಾಕ್ಕೊಂತ ಅವತ್ತಿನ ಗರಿಷ್ಠಕ್ಕ ಹೋಗೂದು. 30–45 ನಿಮಿಷ ಎತ್ತೂದು, ಅರ್ಧ ತಾಸು ವಿಶ್ರಾಂತಿ, ಮತ್ತ ಎತ್ತೂದು, ಹಿಂಗ ದಿನಕ್ಕ ಹಲವು ಸುತ್ತು. ದೇಹಕ್ಕ ಯಾವ ಒತ್ತಡ ಕೊಡತೀವೋ ಅದಕ್ಕ ಒಗ್ಗತದ, ಸ್ಪರ್ಧಾ ಗೆಲ್ಲಬೇಕಂದ್ರ ಸ್ಪರ್ಧಾದ ಭಾರನ ದಿನಾ ಕೈಯಾಗ ಇರಬೇಕು ಅನ್ನೂದು ಅವರ ವಾದ.

ಅದು ಅಲ್ಲಿ ನಡೀತು ಯಾಕಂದ್ರ, ಕ್ರೀಡಾಶಾಲೆಯೊಳಗ ಸಣ್ಣ ವಯಸ್ಸಿನಿಂದ ಆರಿಸಿ ತಂದ ಹುಡುಗ್ರು. ಊಟ, ನಿದ್ದಿ, ಮಾಲೀಶು, ವೈದ್ಯರು ಎಲ್ಲಾ ಸರ್ಕಾರದ್ದು. ಬ್ಯಾರೆ ಕೆಲಸ ಇಲ್ಲ. ಗಾಯ ಆಗಿ ಬಿಟ್ಟು ಹೋದವರ ಜಾಗಾಕ್ಕ ಇನ್ನೊಬ್ಬ ತಯಾರ. 1988ರಾಗೂ, 2000ದಾಗೂ ಆ ತಂಡ ಮದ್ದಿನ ಪರೀಕ್ಷಾದಾಗ ಸಿಕ್ಕಿಬಿದ್ದದ್ದನ್ನೂ ಲೆಕ್ಕಕ್ಕ ತಗೋರಿ. ಸಿಡ್ನಿಯೊಳಗ ನಯೀಮ್‌ನ ಅದೇ 62ರ ವಿಭಾಗದಾಗ ಕಂಚು ಗೆದ್ದಿದ್ದ ಬಲ್ಗೇರಿಯಾದ ಸೆವ್ದಾಲಿನ್ ಮಿಂಚೆವ್ ಪದಕಾನೂ ಹೋತು, ಮತ್ತ ಅದ ಫ್ಯುರೊಸೆಮೈಡ್. ಕಾಲೇಜು ಮುಗಿಸಿ, ಬಸ್ಸು ಹಿಡದು, ಸಂಜಿ ಆರಕ್ಕ ಬರೋ ಹುಡುಗ ಆ ಭಾರ ತಡಕೊಳ್ಳಾಂಗಿಲ್ಲ. ಮೊದಲ ಮೂರು ವಾರ ದಾಖಲೆ ಮ್ಯಾಲೆ ದಾಖಲೆ ಬರ್ತದ. ನಾಲ್ಕನೇ ವಾರ ಮಣಿಕಟ್ಟು, ಮೊಳಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯಾಕ ಶುರು. ದಣದ ಕಾಲು ನೆಲದಿಂದ ತಳ್ಳೂದು ಬಿಟ್ಟು ಸೊಂಟ ಮೊದಲ ಮ್ಯಾಲೆ ಏಳತದ, ಬಾರ್ ಮುಂದ ಹೋಗತದ, ಸ್ನ್ಯಾಚ್ ಮುಂದ ಬೀಳತದ. ಹುಡುಗ ‘ಬಲ ಸಾಲವಲ್ದು’ ಅಂತಾನ. ಬಲ ಅದ, ದಣಿವು ಆರಿಲ್ಲ.

ಆಸೆ ಇದ್ದವರಿಗೆ ಇದನ್ನ ಕೊಡ್ರಿ. ವಾರಕ್ಕ ನಾಲ್ಕು ದಿನ. ಎರಡು ದಿನ ಸ್ನ್ಯಾಚ್, ಜರ್ಕ್ ಎರಡನ್ನೂ ‘ತಪ್ಪಿಲ್ಲದ ಗರಿಷ್ಠ’ಕ್ಕ ಒಯ್ಯೂದು. ಅಂದ್ರ ಕೂಗಾಟ ಇಲ್ಲದ, ಅವತ್ತ ಚೊಲೋತ್ನಾಗ ಬರೋ ಒಂದು ಎತ್ತು. ಎರಡು ತಪ್ಪಿದ್ರ ಅವತ್ತಿಗೆ ಆ ಎತ್ತು ಮುಗೀತು. 100 ಸ್ನ್ಯಾಚ್ ಮಾಡಾವಗ ಏರಿಕೆ ಹಿಂಗ: ಖಾಲಿ ಬಾರ್ 5 ಸಲ, 50 ಕಿಲೋಕ್ಕ 3 ಸಲ, 60ಕ್ಕ 2, 70ಕ್ಕ 2, 80ಕ್ಕ 1, 87ಕ್ಕ 1, 92ಕ್ಕ 1, ಆಮ್ಯಾಲೆ ನೋಡ್ಕೊಂಡು. ಗರಿಷ್ಠದ ನಂತರ 12–15 ಶೇಕಡಾ ಇಳಿಸಿ 3–4 ಒಂಟಿ ಎತ್ತು. ಉಳದ ಎರಡು ದಿನ ಪವರ್ ಸ್ನ್ಯಾಚ್, ಪವರ್ ಕ್ಲೀನ್ 70–75 ಶೇಕಡಾ ಒಳಗ, ಫ್ರಂಟ್ ಸ್ಕ್ವಾಟ್ 2–3ರ ಸೆಟ್ಟು. ನಾಲ್ಕನೇ ವಾರ ಎಲ್ಲಾ ಅರ್ಧಕ್ಕ ಇಳಿಸೂದು. ಹದಿನೈದರ ಒಳಗಿನ ಮಕ್ಕಳಿಗೆ ಗರಿಷ್ಠ ಬ್ಯಾಡ, ಅವರಿಗೆ 70–80ರಾಗ ಎತ್ತಿನ ಸೊಗಸು ಬರಲಿ ಸಾಕು.

ನಯೀಮ್ ಅಂಕಿಯಿಂದ ಒಂದು ಅಳತೆಗೋಲು ಸಿಗತದ. ಸ್ನ್ಯಾಚ್‌ನ್ನ ಜರ್ಕ್‌ನಿಂದ ಭಾಗಿಸ್ರಿ. ಸಿಯೋಲ್ 152.5ಕ್ಕ 190: 80.3 ಶೇಕಡಾ. ಬಾರ್ಸಿಲೋನಾ 142.5ಕ್ಕ 177.5: ಅದೂ 80.3. ಅಟ್ಲಾಂಟಾ 147.5ಕ್ಕ 187.5: 78.7. ಎಂಟು ವರ್ಷದಾಗ ಹೆಚ್ಚುಕಮ್ಮಿ ಎಳ್ಳಷ್ಟ. ನಿಮ್ಮ ಹುಡುಗಂದು 75ಕ್ಕಿಂತ ಕಡಿಮಿ ಇದ್ರ ಸ್ನ್ಯಾಚ್ ತಂತ್ರ, ಭುಜದ ಸಡಿಲಿಕೆ ನೋಡ್ರಿ. 85 ದಾಟಿದ್ರ ಕಾಲಿನ ಬಲ ಇಲ್ಲಾ ಜರ್ಕ್ ಹಿಂದ ಬಿದ್ದದ ಅಂತ ತಿಳೀರಿ.

ಇನ್ನ ಅವನ ನಿಲುವನ್ನ ವಿಡಿಯೊ ನೋಡಿ ನಕಲ್ ಮಾಡೂದು ತಪ್ಪು. ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಅಂದ್ರ ನೆಲದಿಂದ ಬಾರ್ 22.5 ಸೆಂ.ಮೀ. ಎತ್ತರಕ್ಕ ಇರ್ತದ, ಯಾರ ಬಂದ್ರೂ ಅಷ್ಟ. 147 ಸೆಂ.ಮೀ. ಇದ್ದ ನಯೀಮ್‌ಗ ಅದು ಮೈ ಎತ್ತರದ 15 ಶೇಕಡಾ, 180 ಇದ್ದವಗ 12.5. ಗಿಡ್ಡ ಇದ್ದವಗ ಬಾರ್ ಕಾಲಿನ ಮ್ಯಾಲಿನ ಭಾಗದಿಂದ ಶುರು ಆಗತದ, ಬೆನ್ನು ನೆಟ್ಟಗ ಇಟ್ಕೊಳ್ಳೂದು ಹಗೂರ. ಉದ್ದ ಕಾಲಿನ ಹುಡುಗ ಹಂಗ ಕೂಡಾಕ ಹೋದ್ರ ಮೊಳಕಾಲು ಬಾರ್‌ಗೆ ಅಡ್ಡ ಬರ್ತಾವ, ಬಾರ್ ಸುತ್ತಾಕಿ ಮುಂದ ಹೋಗತದ. ಅವಗ ಸೊಂಟ ಒಂದಿಷ್ಟು ಮ್ಯಾಲೆ, ಭುಜ ಬಾರ್‌ನ ಮುಂದ.

*

ಬಾಲ್ಕನ್_ಬಸವ:

ಟಿಪ್ಪಣಿಯ ಕೊನೆಗೆ ಬೇಕಾಗಬಹುದು: ನಯೀಮ್ ತೀರಿಕೊಂಡದ್ದು 2017ರ ನವೆಂಬರ್ 18, ಇಸ್ತಾಂಬುಲ್‌ನಲ್ಲಿ, ಐವತ್ತನೇ ವಯಸ್ಸಿಗೆ. ಯಕೃತ್ತು ಕೈಕೊಟ್ಟು ಅಕ್ಟೋಬರ್‌ನಲ್ಲಿ ಕಸಿ ಮಾಡಿದ್ದರು, ಆಮೇಲೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಅಂತ್ಯಕ್ರಿಯೆಗೆ ಗ್ರೀಸ್‌ನಿಂದ ಲಿಯೊನಿಡಿಸ್ ಬಂದು ಶವಪೆಟ್ಟಿಗೆಗೆ ಮುತ್ತಿಟ್ಟ. 187.5ರ ಸಾಲಿನ ಕೆಳಗೆ ಈ ಸಾಲು ಬರೆಯಿರಿ.

*

ಸಂಗ್ರಾಣಿಕಲ್ಲು:

ಎಲ್ಲರಿಗೂ ಕೈಮುಗಿದೆ. ಪಾಠದ ದಿನ 190 ಕಿಲೋ ಬಾರ್‌ಗೆ ಹಾಕಿ ನೆಲದ ಮೇಲೆ ಇಟ್ಟು ತೋರಿಸೋಣ ಅಂತಿದೆ, ಕಣ್ಣಾರೆ ಕಂಡರೆ ಮನಸ್ಸಿಗೆ ಇಳಿಯುತ್ತೆ. ಪ್ಲೇಟ್ ಲೆಕ್ಕ ಯಾರಾದರೂ ಹಾಕಿಕೊಡಿ.

*

ಕಬ್ಬಿಣದಕಡಲೆ:

ಸ್ಪರ್ಧೆಯ ಲೆಕ್ಕದಲ್ಲಿ ಬಾರ್ 20, ಪ್ಲೇಟ್ ಜಾರದಂತೆ ಬಿಗಿಯೋ ಕಾಲರ್ ಒಂದೊಂದು 2.5, ಅಲ್ಲಿಗೆ 25. ಉಳಿದ 165ರಲ್ಲಿ ಒಂದೊಂದು ಬದಿಗೆ 82.5: ಕೆಂಪು 25ರ ಮೂರು, 5ರ ಒಂದು, 2.5ರ ಒಂದು. ದೊಡ್ಡದು ಒಳಗೆ, ಚಿಕ್ಕದು ಹೊರಗೆ, ಆಮೇಲೆ ಕಾಲರ್ ಬಿಗಿ. ನಿಮ್ಮಲ್ಲಿ ಬರೀ ಸ್ಪ್ರಿಂಗ್ ಕ್ಲಿಪ್ ಇದ್ದರೆ ಅದರ ತೂಕ ಬಿಟ್ಟು ಲೆಕ್ಕ ಹಾಕಿ, ಒಂದೊಂದು ಬದಿಗೆ 85: 25ರ ಮೂರು, 10ರ ಒಂದು. 25ರ ಪ್ಲೇಟ್ ಇಲ್ಲದಿದ್ದರೆ 20ರ ನಾಲ್ಕು, 5ರ ಒಂದು.

ಪಕ್ಕದಲ್ಲಿ ಇನ್ನೊಂದು ಬಾರ್ ಇದ್ದರೆ 150.5 ಹಾಕಿ ತೋರಿಸಿ, ಅರ್ಧ ಕಿಲೋದ ಪಾಠವೂ ಆಗುತ್ತೆ. ಕಾಲರ್ ಸಮೇತ ಒಂದೊಂದು ಬದಿಗೆ 62.75: 25ರ ಎರಡು, 10, 2.5, ಕೊನೆಗೆ 0.25ರ ಬಿಲ್ಲೆ. ಅಂಗೈಯಲ್ಲಿ ಮುಚ್ಚಿಹೋಗೋ ಆ ಬಿಲ್ಲೆಯನ್ನು ಮಕ್ಕಳ ಕೈಗೆ ಕೊಟ್ಟು ನೋಡೋಕೆ ಬಿಡಿ. 190ನ್ನು ಮಾತ್ರ ಯಾರೂ ನೆಲದಿಂದ ಎಳೆಯೋಕೆ ಹೋಗದ ಹಾಗೆ ಪಕ್ಕದಲ್ಲೇ ಒಬ್ಬರು ನಿಂತಿರಲಿ. ಸ್ಟ್ಯಾಂಡ್ ಮೇಲಿಟ್ಟು ತೋರಿಸೋದಾದರೆ ಬಿಚ್ಚುವಾಗ ಈ ಬದಿಯದ್ದು ಒಂದು, ಆ ಬದಿಯದ್ದು ಒಂದು ತೆಗೆಯಿರಿ. ಒಂದೇ ಕಡೆ ಮೂರು ಕೆಂಪು ಪ್ಲೇಟ್ ಉಳಿದರೆ ಬಾರ್ ಮಗುಚಿ ಎದುರು ನಿಂತವರ ಮುಖಕ್ಕೆ ಬಡಿಯುತ್ತೆ.